ಎಷ್ಟು ಕೊಂಬಿನದು ಬೇಕು?

"ಎಷ್ಟು ಕೊಂಬಿನದು ಬೇಕು ಸಾರ್?"

ಸಾಗರದ ಪೇಟೆಯಲ್ಲಿ ಮೊಬೈಲ್ ಕವರು, ಟಿವಿ ರಿಮೋಟು, ಚಾರ್ಜರುಗಳ ನಡುವೆ ಕೂತಿದ್ದ ಅಂಗಡಿಯವರು ಹೀಗೆ ಕೇಳಿದರು. ಅವರ ಬೆನ್ನ ಹಿಂದೆ ವೈಫೈ ರೌಟರಿನ ಡಬ್ಬಿಗಳು ಸಾಲಾಗಿದ್ದವು. ಎರಡು ಆಂಟೆನಾದವು ಕೆಳಗಿನ ಹಲಗೆಯಲ್ಲಿ, ನಾಲ್ಕರವು ಅದರ ಮೇಲೆ, ಅಂಗಾತ ಬಿದ್ದ ಜೇಡದಂಥ ಆರೆಂಟು ಕಾಲಿನವು ಎಲ್ಲಕ್ಕಿಂತ ಮೇಲೆ. ಬೆಲೆಯೂ ಅದೇ ಕ್ರಮದಲ್ಲಿ ಏರಿತ್ತು. "ಹಳೇ ಮನೆ, ದೊಡ್ಡದು ಅಂದ್ರಲ್ಲ. ನಾಲ್ಕು ಕೊಂಬಿಂದಾದ್ರೂ ಬೇಕು" ಎಂದು ತೀರ್ಪನ್ನೂ ಅವರೇ ಕೊಟ್ಟರು.

ರೌಟರ್ ಬೇಕಾಗಿದ್ದದ್ದು ಅಕ್ಕನ ಮನೆಗೆ. ಸಾಗರದಿಂದ ಹದಿನಾಲ್ಕು ಕಿಲೋಮೀಟರ್ ಆಚೆ, ಅಡಿಕೆ ತೋಟದ ನೆತ್ತಿಯ ಮೇಲಿರುವ ಮನೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುವ ಅವಳ ಮಗ ಮೆತ್ತಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾನೆ. ಫೈಬರ್ ಬಂದು ಎರಡು ವರ್ಷವಾಗಿದೆ, 40 ಎಂಬಿಪಿಎಸ್ ಪ್ಲಾನ್ ಇದೆ, ಆದರೂ ಮೀಟಿಂಗಿನಲ್ಲಿ ಅವನ ಮಾತು ಅರ್ಧಕ್ಕೆ ತುಂಡಾಗುತ್ತದೆ. "ಅವನು ಕೇಳ್ತಾ ಇದ್ಯಾ, ಕೇಳ್ತಾ ಇದ್ಯಾ ಅಂತ ಕೂಗೋದು ತೋಟದ ಕೆಳಗಿನ ಮನೆಯವರಿಗೂ ಕೇಳ್ತದೆ, ಮೀಟಿಂಗಿನವರಿಗೆ ಮಾತ್ರ ಕೇಳಲ್ಲ. ಬರುವಾಗ ಒಂದು ಒಳ್ಳೇ ಡಬ್ಬಿ ತಂದುಬಿಡೋ ಮಾರಾಯ" ಎಂದಿದ್ದಳು ಅಕ್ಕ.

ಆ ದಿನ ನಾನು ಏನನ್ನೂ ಕೊಳ್ಳದೆ ಹೊರಟೆ. ಡಬ್ಬಿಯ ಮೇಲೆ ಬರೆದಿರುವುದು ಅತಿ ಒಳ್ಳೆಯ ಗಳಿಗೆಯ ವೇಗ. ಅಲ್ಲಿ ಗೋಡೆಯಿಲ್ಲ, ಪಕ್ಕದ ಮನೆಯಿಲ್ಲ, ಕರೆಂಟು ಹೋಗುವುದಿಲ್ಲ, ಮನೆಯಲ್ಲಿ ಇನ್ನೊಬ್ಬರ ಫೋನೂ ಇಲ್ಲ. ಮನೆಯವರಿಗೆ ಬೇಕಾದ ಲೆಕ್ಕ ಇದರ ತಿರುಗುಮುರುಗು: ಮನೆಯ ಅತಿ ಕೆಟ್ಟ ಮೂಲೆಯಲ್ಲಿ, ದಿನದ ಅತಿ ಕೆಟ್ಟ ಗಂಟೆಯಲ್ಲಿ ಎಷ್ಟು ಉಳಿಯುತ್ತದೆ? ಆ ಮೂಲೆ ಯಾವುದು, ಆ ಗಂಟೆ ಯಾವುದು ಎಂದು ಗೊತ್ತಾಗುವ ಮೊದಲೇ ಅಂಗಡಿಗೆ ಹೋದರೆ ಕೊಂಬು ಎಣಿಸುವುದೊಂದೇ ದಾರಿ.

ಗೋಡೆಗೆ ಕಟ್ಟುವ ಕಂದಾಯ

ರೌಟರ್ ಮನೆಯಲ್ಲಿ ಎಲ್ಲಿ ಕೂರಬೇಕೆಂದು ನಿರ್ಧರಿಸುವವನು ಸಾಮಾನ್ಯವಾಗಿ ಕೇಬಲ್ ಎಳೆಯಲು ಬಂದ ಹುಡುಗ. ಕಂಬದಿಂದ ಬಂದ ತಂತಿ ಮೊದಲು ಮುಟ್ಟುವ ಗೋಡೆಗೆ ಒಂದು ತೂತು, ಅದರ ಒಳಮಗ್ಗುಲಿಗೆ ಎರಡು ಸ್ಕ್ರೂ, ಅಷ್ಟರಲ್ಲಿ ಕೆಲಸ ಮುಗಿಯಿತು. ಅಕ್ಕನ ಮನೆಯಲ್ಲೂ ಹಾಗೆಯೇ ಆಗಿತ್ತು. ಜಗುಲಿಯ ತುದಿಯಲ್ಲಿ, ಕರೆಂಟ್ ಮೀಟರಿನ ಪಕ್ಕದಲ್ಲಿ ಡಬ್ಬಿ ನೇತಾಡುತ್ತಿತ್ತು. ಅದರ ಅಲೆಗಳಲ್ಲಿ ಅರ್ಧ ಅಡಿಕೆ ಮರಗಳ ಪಾಲು.

ಹಳೇ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು, ಅದರ ಬೆನ್ನಿಗೆ ಮನೆಯ ನಕ್ಷೆ ಗೀಚಿಕೊಂಡೆ. ವೈಫೈ ಬಲವನ್ನು ಅಂಕಿಯಲ್ಲಿ ತೋರಿಸುವ ಉಚಿತ ಆ್ಯಪ್‌ಗಳಿವೆ. ಅಂಥದೊಂದನ್ನು ಫೋನಿನಲ್ಲಿ ತೆರೆದು ಕೋಣೆಯಿಂದ ಕೋಣೆಗೆ ನಡೆದೆ. ಜಗುಲಿಯಲ್ಲಿ ಡಬ್ಬಿಯ ಬುಡದಲ್ಲಿ −38. ನಡುಮನೆಯಲ್ಲಿ −51. ದೇವರ ಕೋಣೆ ದಾಟಿದಾಗ −63. ಅಡುಗೆಮನೆಯಲ್ಲಿ −72. ಏಣಿ ಹತ್ತಿ ಮೆತ್ತಿನ ಕೋಣೆಗೆ ಹೋದಾಗ −81.

ಈ ಅಳತೆಗೆ ಡಿಬಿಎಂ ಎನ್ನುತ್ತಾರೆ. ಒಂದು ಮಿಲಿವ್ಯಾಟ್ ಶಕ್ತಿ ಅಂದರೆ ಇಲ್ಲಿ ಸೊನ್ನೆ. ಅಲ್ಲಿಂದ 3 ಇಳಿದರೆ ಶಕ್ತಿ ಅರ್ಧವಾಯಿತು, 10 ಇಳಿದರೆ ಹತ್ತರಲ್ಲಿ ಒಂದು ಪಾಲಾಯಿತು. ಜಗುಲಿಗೂ ಮೆತ್ತಿಗೂ 43ರ ಅಂತರ. ಅಂದರೆ ಜಗುಲಿಯಲ್ಲಿದ್ದ ಶಕ್ತಿಯ ಸುಮಾರು 20,000ದಲ್ಲಿ ಒಂದು ಪಾಲು ಮಾತ್ರ ಹುಡುಗನ ಲ್ಯಾಪ್‌ಟಾಪಿಗೆ ತಲುಪುತ್ತಿತ್ತು. ವಿಚಿತ್ರವೆಂದರೆ ಅಷ್ಟರಲ್ಲೂ ಅದು ಕೆಲಸ ಮಾಡುತ್ತದೆ, ತೊದಲುತ್ತ. ವಿಡಿಯೊ ಮಾತುಕತೆ ಸಲೀಸಾಗಿ ಸಾಗಬೇಕಾದರೆ −65ರ ಒಳಗಿದ್ದರೆ ಚೆಂದ. −70 ದಾಟಿದರೆ ಅನುಮಾನ. −80 ಅಂದರೆ ದಡ ಸೇರಿದರೆ ಪುಣ್ಯ.

ಉಳಿದದ್ದೆಲ್ಲ ಎಲ್ಲಿ ಹೋಯಿತು? ಒಂದಿಷ್ಟು ದೂರಕ್ಕೆ ಹೋಯಿತು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಕ್ತಿ ಕಾಲು ಪಾಲಾಗುತ್ತದೆ. ದೊಡ್ಡ ಪಾಲನ್ನು ಕಂದಾಯವಾಗಿ ವಸೂಲಿ ಮಾಡಿದ್ದು ಗೋಡೆಗಳು. ಅಕ್ಕನ ಮನೆಯದು ಮೊಳ ದಪ್ಪದ ಜಂಬಿಟ್ಟಿಗೆ ಗೋಡೆ. ಮಳೆಗಾಲದಲ್ಲಿ ಅದು ನೀರು ಕುಡಿದು ಕೂತಿರುತ್ತದೆ, ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. "ಮಳೆ ಹಿಡಿದರೆ ನೆಟ್ ನಿಧಾನ" ಎಂಬ ಭಾವನ ದೂರು ಬರೀ ಭ್ರಮೆಯಿರಲಾರದು. ಪೇಟೆಯ ಮನೆಗಳಲ್ಲಿ ಈ ಕಂದಾಯ ಬೇರೆ ರೂಪದಲ್ಲಿರುತ್ತದೆ: ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ, ಸ್ಟೀಲ್ ಬೀರು, ನಿಲುವುಗನ್ನಡಿ, ಮೀನಿನ ತೊಟ್ಟಿ. ಕನ್ನಡಿಯ ಬೆನ್ನಿಗಿರುವ ಲೋಹದ ಲೇಪ ಬೆಳಕನ್ನು ಹೊರಳಿಸಿದಂತೆ ರೇಡಿಯೊ ಅಲೆಯನ್ನೂ ಹೊರಳಿಸುತ್ತದೆ.

ವೈಫೈ ಮುಖ್ಯವಾಗಿ ಎರಡು ಅಲೆಪಟ್ಟಿಗಳಲ್ಲಿ ಮಾತಾಡುತ್ತದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಹೆಚ್ಚುಕಡಿಮೆ ಅರ್ಧ ಗೇಣು. 5 ಗಿಗಾಹರ್ಟ್ಸಿನದು ಆರು ಸೆಂಟಿಮೀಟರಿಗಿಂತ ತುಸು ಕಡಿಮೆ, ಮೂರು ಬೆರಳಗಲ. ಮೂರು ಬೆರಳಿನ ಅಲೆ ಹೆಚ್ಚು ಮಾಹಿತಿ ಹೊರುತ್ತದೆ, ಆದರೆ ಗೋಡೆ ದಾಟುವಾಗ ಹೆಚ್ಚು ಸೊರಗುತ್ತದೆ. ಅರ್ಧ ಗೇಣಿನದು ನಿಧಾನ, ಆದರೆ ಒಳಕೋಣೆಯ ತನಕ ಹೋಗಿ ಬರುತ್ತದೆ. ಫೋನಿನಲ್ಲಿ ಕಾಣುವ ವೈಫೈ ಹೆಸರಿನ ಕೊನೆಗೆ '5ಜಿ' ಎಂದಿದ್ದರೆ ಅದು ಈ 5 ಗಿಗಾಹರ್ಟ್ಸ್. ಮೊಬೈಲ್ ಟವರಿನ 5ಜಿಗೂ ಅದಕ್ಕೂ ಸಂಬಂಧವಿಲ್ಲ. ಎರಡೂ ಒಂದೇ ಎಂದು ಭಾವ ಎರಡು ವರ್ಷ ನಂಬಿಕೊಂಡಿದ್ದರು.

ಕೊಂಬು ಹೆಚ್ಚಿದರೆ ಶಕ್ತಿ ಹೆಚ್ಚುವುದಿಲ್ಲವೇ? ನೆಟ್ಟಗೆ ನಿಂತ ಆಂಟೆನಾದಿಂದ ಹೊರಡುವ ಅಲೆಗಳ ಆಕಾರ ಉದ್ದಿನ ವಡೆಯಂತೆ. ವಡೆಯ ತೂತಿನೊಳಗೆ ಆಂಟೆನಾ ನಿಂತಿದೆ ಎಂದುಕೊಳ್ಳಿ. ಸುತ್ತಲೂ ಚೆನ್ನಾಗಿ ಹರಡುತ್ತದೆ, ನೆತ್ತಿಯ ನೇರಕ್ಕೆ ಹೆಚ್ಚೇನೂ ಹೋಗುವುದಿಲ್ಲ. ಡಬ್ಬಿಯ ಮೇಲೆ 5 ಡಿಬಿಐ, 7 ಡಿಬಿಐ ಎಂದು ಬರೆಯುತ್ತಾರಲ್ಲ, ಅದು ವಡೆಯನ್ನು ಎಷ್ಟು ತಟ್ಟಿದ್ದಾರೆ ಎಂಬ ಲೆಕ್ಕ. ತಟ್ಟಿದಷ್ಟೂ ಅಗಲವಾಗುತ್ತದೆ, ತೆಳ್ಳಗೂ ಆಗುತ್ತದೆ. ಹಿಟ್ಟು ಮಾತ್ರ ಅಷ್ಟೇ. ಒಂದೇ ಅಂತಸ್ತಿನಲ್ಲಿ ಉದ್ದಕ್ಕೆ ಚಾಚಿದ ಮನೆಗೆ ತಟ್ಟಿದ ವಡೆ ಸರಿ. ಮಹಡಿಗೆ ಮುಟ್ಟಬೇಕಾದರೆ ಒಂದು ಆಂಟೆನಾವನ್ನು ಅಡ್ಡ ಮಲಗಿಸಿ ನೋಡಬಹುದು.

ಹಲವು ಆಂಟೆನಾಗಳಿಂದ ಉಪಯೋಗವಿಲ್ಲವೆಂದಲ್ಲ. ಅವು ಏಕಕಾಲಕ್ಕೆ ಹಲವು ಧಾರೆಗಳಲ್ಲಿ ಮಾಹಿತಿ ಕಳಿಸಬಲ್ಲವು. ಆದರೆ ಸಾಮಾನ್ಯ ಫೋನಿನ ಹೊಟ್ಟೆಯಲ್ಲಿ ವೈಫೈಗೆ ಇರುವುದು ಎರಡೇ ಆಂಟೆನಾ, ಅದು ಹಿಡಿಯುವುದು ಎರಡೇ ಧಾರೆ. ಇನ್ನೂ ದೊಡ್ಡ ಮಾತೊಂದಿದೆ. ವೈಫೈ ರೇಡಿಯೊ ಪ್ರಸಾರದಂತೆ ಒಂದೇ ಕಡೆಯ ಮಾತಲ್ಲ, ಫೋನು ಉತ್ತರಿಸಬೇಕು. ಬ್ಯಾಟರಿ ಉಳಿಸಬೇಕಾದ ಫೋನಿನ ದನಿ ರೌಟರಿನ ದನಿಗಿಂತ ಸಣ್ಣದು. ನೀವು ಧ್ವನಿವರ್ಧಕ ಹಿಡಿದು ಕೂಗಿದರೆ ಗುಡ್ಡದಾಚೆಯ ಅಜ್ಜಿಗೆ ಕೇಳಿಸೀತು, ಅಜ್ಜಿಯ ಉತ್ತರ ನಿಮಗೆ ಕೇಳಿಸಬೇಕಲ್ಲ! ಪರದೆಯಲ್ಲಿ ಗೆರೆಗಳೆಲ್ಲ ತುಂಬಿದ್ದೂ ಪುಟ ತೆರೆಯದೆ ಸತಾಯಿಸುವುದು ಹಲವು ಸಲ ಇದಕ್ಕೇ.

ಹಾಗಾಗಿ ಮೊದಲ ಔಷಧ ಅಂಗಡಿಯಲ್ಲಿರಲಿಲ್ಲ. ನನ್ನ ಬ್ಯಾಗಿನಲ್ಲಿ ಹಳೆಯದೊಂದು ರೌಟರ್ ಇತ್ತು, ಎರಡೇ ಆಂಟೆನಾದ್ದು. ಜಗುಲಿಯ ಡಬ್ಬಿಯಿಂದ 20 ಮೀಟರ್ ಲ್ಯಾನ್ ಕೇಬಲ್ಲನ್ನು ಜಂತಿಯ ಗುಂಟ ಎಳೆದು, ನಡುಮನೆಯಲ್ಲಿ ಏಣಿಯ ಪಕ್ಕದ ಎತ್ತರದ ಹಲಗೆಯ ಮೇಲೆ ಅದನ್ನಿಟ್ಟೆ. ಮತ್ತೆ ಫೋನ್ ಹಿಡಿದು ನಡೆದೆ. ಅಡುಗೆಮನೆ −60. ಮೆತ್ತಿನ ಕೋಣೆ −58. ಇಪ್ಪತ್ತಮೂರರ ಲಾಭ. ಮೊದಲಿನ ಇನ್ನೂರು ಪಟ್ಟು ಶಕ್ತಿ, ಹೊಸ ಕೊಂಬೊಂದೂ ಇಲ್ಲದೆ.

ತಂತಿ ಎಳೆಯಲಾಗದ ಮನೆಗಳಿಗೆ ರಿಪೀಟರ್, ಮೆಶ್ ಎಂಬ ಉಪಾಯಗಳಿವೆ. ಕೇಳಿದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೊಮ್ಮೆ ಹೇಳುವ ಅಗ್ಗದ ರಿಪೀಟರ್ ಹೆಚ್ಚುಕಡಿಮೆ ಅರ್ಧ ವೇಗವನ್ನು ತಾನೇ ತಿಂದುಬಿಡುತ್ತದೆ. ಒಂದಕ್ಕೊಂದು ಮಾತಾಡಿಕೊಂಡು ಮನೆಯನ್ನು ಹಂಚಿಕೊಳ್ಳುವ ಮೆಶ್ ಡಬ್ಬಿಗಳನ್ನೂ ಸಾಧ್ಯವಾದರೆ ತಂತಿಯಲ್ಲೇ ಜೋಡಿಸುವುದು ಲೇಸು. ಹೊಸ ಮನೆ ಕಟ್ಟಿಸುವವರು ವೈರಿಂಗ್ ಪೈಪು ಹಾಕಿಸುವಾಗಲೇ ಲ್ಯಾನ್ ಕೇಬಲ್ಲಿಗೂ ಒಂದು ಪೈಪು ಬಿಡಿಸಿದರೆ ಮುಂದೆ ಯಾವ ರೌಟರಿಗೂ ಬೈಯಬೇಕಾಗಿಲ್ಲ.

ಎಲ್ಲರದೂ ಆದ ಗಾಳಿ

ಅಕ್ಕನ ಮನೆಯಲ್ಲಿ ನೆರೆಹೊರೆಯ ವೈಫೈ ಕಾಟವಿಲ್ಲ. ಬೆಂಗಳೂರಿನ ನನ್ನ ಫ್ಲಾಟಿನಲ್ಲಿ ಅದೇ ದೊಡ್ಡ ಕಾಟ. ರಾತ್ರಿ ಒಂಬತ್ತಕ್ಕೆ ಫೋನ್ ತೆರೆದರೆ ಮೂವತ್ತೊಂದು ಹೆಸರುಗಳು. ಎಲ್ಲರದೂ ಒಂದೇ ಗಾಳಿ.

ಇದಕ್ಕೊಂದು ಇತಿಹಾಸವಿದೆ. 2.4 ಗಿಗಾಹರ್ಟ್ಸಿನ ಸುತ್ತಲ ಪಟ್ಟಿ ಮೊದಲು ಕೈಗಾರಿಕೆ, ವೈದ್ಯಕೀಯ ಉಪಕರಣಗಳಿಗೆಂದು ಬಿಟ್ಟ ಗೋಮಾಳ. ಮೈಕ್ರೊವೇವ್ ಒಲೆ ಬಿಸಿ ಮಾಡುವುದೂ ಇಲ್ಲಿಯೇ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ, ಲೈಸೆನ್ಸ್ ಇಲ್ಲದೆಯೂ ಇಲ್ಲಿ ಸಂವಹನ ನಡೆಸಬಹುದೆಂದು ಬಾಗಿಲು ತೆರೆಯಿತು. ವೈಫೈಯ ಮೊದಲ ಮಾನಕ 802.11 ಬಂದದ್ದು 1997ರಲ್ಲಿ, ವೇಗ ಬರೀ 2 ಎಂಬಿಪಿಎಸ್. ಭಾರತದಲ್ಲಿ 2.4 ಪಟ್ಟಿ ಲೈಸೆನ್ಸ್‌ಮುಕ್ತವಾದದ್ದು 2005ರಲ್ಲಿ. 5 ಗಿಗಾಹರ್ಟ್ಸಿನ ವಿಶಾಲ ಪಟ್ಟಿ ಒಳಗೂ ಹೊರಗೂ ಮುಕ್ತವಾದದ್ದು 2018ರಲ್ಲಿ.

ಗೋಮಾಳದಲ್ಲಿ ಹೇಳುವವರು ಕೇಳುವವರು ಇರುವುದಿಲ್ಲ, ಆದ್ದರಿಂದ ದನಗಳೇ ಶಿಸ್ತು ಕಲಿಯಬೇಕು. ವೈಫೈಯ ಶಿಸ್ತು ಇಷ್ಟು: ಮಾತಾಡುವ ಮೊದಲು ಕಿವಿಗೊಡು. ಯಾರೂ ಮಾತಾಡುತ್ತಿಲ್ಲವಾದರೆ ಸೊನ್ನೆಯಿಂದ 15ರೊಳಗೆ ಒಂದು ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಆರಿಸಿಕೊ. ಒಂದೊಂದಕ್ಕೂ 9 ಮೈಕ್ರೊಸೆಕೆಂಡಿನಂತೆ ಎಣಿಸಿ ಮುಗಿಸಿ ಆಮೇಲೆ ಬಾಯಿ ತೆರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದು ಮಾತು ಕೆಟ್ಟರೆ, ಮುಂದಿನ ಸಲ ಇಮ್ಮಡಿ ಹರವಿನಿಂದ ಸಂಖ್ಯೆ ಆರಿಸು. ಪಕ್ಕದ ಮನೆಯ ರೌಟರಿಗೂ ನಮ್ಮದಕ್ಕೂ ಪರಿಚಯವಿಲ್ಲದಿದ್ದರೂ ಈ ಮರ್ಯಾದೆಯಿಂದಲೇ ಮೂವತ್ತೊಂದು ಮನೆ ಬಾಳುತ್ತವೆ. ಆದರೆ ಮರ್ಯಾದೆಗೆ ಹೊತ್ತು ಹಿಡಿಯುತ್ತದೆ.

2.4ರಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿವೆ. ಆದರೆ ಚಾನೆಲ್ಲಿನಿಂದ ಚಾನೆಲ್ಲಿಗೆ 5 ಮೆಗಾಹರ್ಟ್ಸ್ ಅಂತರ, ಒಬ್ಬೊಬ್ಬರ ಮಾತಿಗೆ ಬೇಕಾದ ಅಗಲ 20. ಒಂದಕ್ಕೊಂದು ತಾಗದೆ ಕೂರಲು ಸಾಮಾನ್ಯವಾಗಿ ಬಳಸುವುದು 1, 6, 11 ಎಂಬ ಮೂರನ್ನೇ. ಅಚ್ಚುಕಟ್ಟಾಗಿ 4ನ್ನೋ 8ನ್ನೋ ಆರಿಸಿಕೊಂಡವರು ಎರಡು ಗುಂಪಿನ ಗಲಾಟೆಯನ್ನೂ ಕೇಳುತ್ತಾರೆ, ಎರಡು ಗುಂಪಿನ ಬೈಗುಳಕ್ಕೂ ಪಾತ್ರರಾಗುತ್ತಾರೆ. 5ರಲ್ಲಿ ಜಾಗ ಧಾರಾಳ. ಗೋಡೆ ದಾಟಲಾರದ ಅದರ ದೌರ್ಬಲ್ಯ ಫ್ಲಾಟಿನಲ್ಲಿ ವರವಾಗುತ್ತದೆ, ಏಕೆಂದರೆ ಪಕ್ಕದ ಮನೆಯವರ 5 ಕೂಡ ನಮ್ಮ ಗೋಡೆ ದಾಟುವುದಿಲ್ಲ. ಹೀಗಾಗಿ ಇಂದು ಎರಡೂ ಪಟ್ಟಿಯಿರುವ ರೌಟರಿಗಿಂತ ಕಡಿಮೆಯದನ್ನು ಕೊಳ್ಳಲೇಬಾರದು.

ಗೋಡೆಗಳ ಮೇಲೆ ಇಷ್ಟು ದೂರು ಹೇಳಿದ ಮೇಲೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಗೋಡೆ ನುಂಗದ ಅಲೆ ಪುಟಿಯುತ್ತದೆ. ಒಂದೇ ಮಾತು ನೇರವಾಗಿಯೂ, ಬೀರುವಿಗೆ ಬಡಿದೂ, ಸೂರಿಗೆ ಬಡಿದೂ ಹಿಂದುಮುಂದಾಗಿ ಬಂದು ಬಾವಿಯೊಳಗೆ ಮಾತಾಡಿದಂತೆ ಕಲಸಿಹೋಗುತ್ತದೆ. ಇದನ್ನು ಬಿಡಿಸಿದವರಲ್ಲಿ ಆಸ್ಟ್ರೇಲಿಯದ ಜಾನ್ ಒ'ಸಲಿವನ್ ಮತ್ತು ಸಂಗಡಿಗರ ಹೆಸರು ದೊಡ್ಡದು. ಒ'ಸಲಿವನ್ ರೇಡಿಯೊ ಖಗೋಳಶಾಸ್ತ್ರಜ್ಞ. ಸ್ಟೀಫನ್ ಹಾಕಿಂಗ್ ಊಹಿಸಿದ್ದ, ಪುಟ್ಟ ಕಪ್ಪುಕುಳಿಗಳು ಸ್ಫೋಟಿಸುವಾಗಿನ ಮಿಡಿತಗಳನ್ನು ಆಕಾಶದಲ್ಲಿ ಹುಡುಕಿ, ಸಿಗದೆ ಬಂದವರು. ಕಲಸಿಹೋದ ಸಂಕೇತವನ್ನು ಹಸನು ಮಾಡುವ ಆ ವಿದ್ಯೆ ಮುಂದೆ ಕೋಣೆಯೊಳಗಿನ ಪ್ರತಿಧ್ವನಿಗೆ ಒದಗಿತು. ಉಪಾಯ ಹೀಗೆ: ಒಬ್ಬನೇ ಗಡಿಬಿಡಿಯಲ್ಲಿ ಒದರುವ ಬದಲು ಹತ್ತಾರು ಜನ ಬೇರೆಬೇರೆ ಶ್ರುತಿಯಲ್ಲಿ ಒಟ್ಟಿಗೆ, ನಿಧಾನಕ್ಕೆ ಹೇಳಲಿ. ಪ್ರತಿ ತುಣುಕಿನ ನಡುವೆ ಸುಮಾರು 0.8 ಮೈಕ್ರೊಸೆಕೆಂಡಿನ ಬಿಡುವಿರಲಿ. ಅಷ್ಟು ಹೊತ್ತಿನಲ್ಲಿ ರೇಡಿಯೊ ಅಲೆ 240 ಮೀಟರ್ ಓಡುತ್ತದೆ. ಮನೆಯೊಳಗಿನ ಎಂಥ ಸುತ್ತುಬಳಸು ಪ್ರತಿಧ್ವನಿಯೂ ಅಷ್ಟರಲ್ಲಿ ಬಂದು ಅಡಗಿರುತ್ತದೆ. ಮೆತ್ತಿನ ಕೋಣೆಗೆ ಅಲೆ ನೇರ ದಾರಿಯಲ್ಲಿ ಬಾರದಿದ್ದರೂ ಮಾತು ತಿಳಿಯುವುದು ಈ ಬಿಡುವಿನಿಂದ.

ಡಬ್ಬಿಯ ಮೇಲಿನ ಗಣಿತ

ಎಸಿ1200, ಎಎಕ್ಸ್1500, ಎಎಕ್ಸ್3000. ಈ ಅಂಕಿಗಳನ್ನು ಒಡೆದು ನೋಡಿ. ಎಸಿ1200 ಅಂದರೆ 2.4ರಲ್ಲಿ 300, 5ರಲ್ಲಿ 867, ಕೂಡಿದರೆ 1167, ಅಂಗಡಿಯ ಲೆಕ್ಕದಲ್ಲಿ 1200. ಎಎಕ್ಸ್3000 ಅಂದರೆ 574ಕ್ಕೆ 2402 ಕೂಡಿಸಿದ್ದು. ಒಂದು ಫೋನು ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಪಟ್ಟಿಯಲ್ಲಿರುತ್ತದೆ. ಎರಡನ್ನೂ ಕೂಡಿಸುವುದು ಎರಡು ಬಸ್ಸುಗಳ ವೇಗ ಕೂಡಿಸಿ ಊರು ಬೇಗ ತಲುಪುತ್ತೇವೆ ಎಂದಂತೆ. ಎಸಿ ಅಂದರೆ ವೈಫೈ 5, ಎಎಕ್ಸ್ ಅಂದರೆ ವೈಫೈ 6. ಈ ಸರಳ ಹೆಸರುಗಳು ಬಂದದ್ದು 2018ರಲ್ಲಿ. ವೈಫೈ 6ರ ಅಸಲು ಗುಣ ವೇಗವಲ್ಲ, ಒಂದೇ ಸರದಿಯಲ್ಲಿ ಹಲವು ಸಾಧನಗಳ ಚಿಕ್ಕಚಿಕ್ಕ ಮಾತು ಮುಗಿಸುವ ಒಗ್ಗಟ್ಟು. ಜನ ತುಂಬಿದ ಮನೆಗೆ ಇದು ಬೇಕು.

ಅಂಕಿ ಎಷ್ಟೇ ಇರಲಿ, ಮುಂದೆ ನೋಡುವ ಮೊದಲು ಡಬ್ಬಿ ತಿರುಗಿಸಿ ಬೆನ್ನು ನೋಡಬೇಕು. ಅಲ್ಲಿರುವ ತಂತಿಯ ಕಿಂಡಿಗಳು 10/100 ಎಂದಿದ್ದರೆ, ಗಾಳಿಯಲ್ಲಿ 867 ಎಂದು ಕೊಚ್ಚಿಕೊಂಡರೂ ಒಳಗೆ ಬರುವುದು ನೂರಕ್ಕಿಂತ ಕಡಿಮೆ. ಅಗ್ಗದ ಎಸಿ1200ಗಳಲ್ಲಿ ಹೀಗಿರುವುದು ಸಾಮಾನ್ಯ. ಇಂದು 40ರ ಪ್ಲಾನ್ ಇದ್ದವರು ನಾಳೆ 200ಕ್ಕೆ ಏರಿಸಿದರೆ ಹೆಚ್ಚಿನ ಹಣವೆಲ್ಲ ಆ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಬೇಕಾದ ಪದ 'ಗಿಗಾಬಿಟ್'.

ಗಿರಣಿಯ ಸರದಿ

ಮೆತ್ತಿಗೆ −58 ಬಂದ ಸಂತೋಷ ಸಂಜೆ ಏಳರ ತನಕ ಇತ್ತು. ಏಳಕ್ಕೆ ಮೀಟಿಂಗು ಶುರುವಾಯಿತು, ಏಳೂ ಹತ್ತಕ್ಕೆ ಮೇಲಿನಿಂದ "ಕೇಳ್ತಾ ಇದ್ಯಾ?" ಎಂಬ ಕೂಗು ಬಂತು. ಅಕ್ಕ ನನ್ನ ಮುಖ ನೋಡಿದಳು.

ವೇಗ ಅಳೆದರೆ ಚೆನ್ನಾಗಿಯೇ ಇತ್ತು. ಆಗ ಇನ್ನೊಂದು ಅಳತೆ ಹಿಡಿದೆ. ಪಿಂಗ್ ಅಂದರೆ ದೂರದ ಕಂಪ್ಯೂಟರಿಗೆ "ಹೋ" ಎಂದು ಕರೆದು "ಹೋ" ಎಂಬ ಉತ್ತರ ಬರಲು ಹಿಡಿದ ಹೊತ್ತು. ಮಧ್ಯಾಹ್ನ ಅದು 22 ಮಿಲಿಸೆಕೆಂಡ್ ಇತ್ತು. ಈಗ 700 ದಾಟಿ ಕುಣಿಯುತ್ತಿತ್ತು. ಮನೆಯಲ್ಲಿ ಆ ಗಳಿಗೆಯಲ್ಲಿ ಹೊಸದಾಗಿ ಆಗಿದ್ದು ಒಂದೇ: ಭಾವ ತೋಟದಿಂದ ಬಂದು, ಕಾಲು ತೊಳೆದು, ಜಗುಲಿಯಲ್ಲಿ ಕೂತಿದ್ದರು. ಅವರ ಜೇಬಿನಲ್ಲಿದ್ದ ಫೋನು ವೈಫೈ ಸಿಕ್ಕಿದ್ದೇ ತಡ, ದಿನವಿಡೀ ತೆಗೆದ ಅಡಿಕೆಯ ಕೊಳೆರೋಗದ ಫೋಟೊ, ವಿಡಿಯೊಗಳನ್ನೆಲ್ಲ ಸದ್ದಿಲ್ಲದೆ ಕ್ಲೌಡಿಗೆ ಏರಿಸುತ್ತಿತ್ತು.

ಹಿಟ್ಟಿನ ಗಿರಣಿಯ ಸರದಿಯನ್ನು ನೆನೆಸಿಕೊಳ್ಳಿ. ನಿಮ್ಮ ಕೈಯಲ್ಲಿರುವುದು ಒಂದು ಸೇರು ರಾಗಿ. ನಿಮ್ಮ ಮುಂದೆ ಹತ್ತು ಮೂಟೆ ಇಳಿಸಿದವರು ನಿಂತಿದ್ದಾರೆ. ಗಿರಣಿಯ ವೇಗದಲ್ಲಿ ಕೊರತೆಯಿಲ್ಲ, ಹತ್ತು ಮೂಟೆ ಮುಗಿಯದೆ ನಿಮ್ಮ ಸೇರಿಗೆ ಸರದಿ ಬರುವುದಿಲ್ಲ, ಅಷ್ಟೆ. ವಿಡಿಯೊ ಮಾತುಕತೆ ಸೇರು ಸೇರಾಗಿ ಬರುವ ಗಿರಾಕಿ. ಮನೆಯಿಂದ ಹೊರಹೋಗುವ ದಾರಿ ಕಿರಿದಾದಲ್ಲಿ ಡಬ್ಬಿಗಳು ಬಂದದ್ದನ್ನೆಲ್ಲ ದೊಡ್ಡ ಕಣಜದಲ್ಲಿ ಪೇರಿಸಿಕೊಳ್ಳುತ್ತವೆ. ಮೆಮೊರಿ ಅಗ್ಗವಾದಂತೆ ತಯಾರಕರು ಕಣಜ ದೊಡ್ಡದು ಮಾಡುತ್ತ ಹೋದರು, ಒಂದು ಕಾಳೂ ಚೆಲ್ಲಬಾರದೆಂಬ ಒಳ್ಳೆಯ ಉದ್ದೇಶದಿಂದ. ಚೆಲ್ಲದ ಕಾರಣ ಕಳಿಸುವ ಫೋನಿಗೆ ದಾರಿ ತುಂಬಿದ್ದು ತಿಳಿಯುವುದೇ ಇಲ್ಲ, ಅದು ಇನ್ನೂ ಸುರಿಯುತ್ತದೆ. 2010ರ ಸುಮಾರಿಗೆ ಅಮೆರಿಕದ ಜಿಮ್ ಗೆಟಿಸ್ ತಮ್ಮ ಮನೆಯಲ್ಲೇ ಈ ಕಾಟ ಅನುಭವಿಸಿ, ಬೆನ್ನು ಹತ್ತಿ, ಇದಕ್ಕೆ 'ಬಫರ್‌ಬ್ಲೋಟ್' ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ನಾವು ಹೊಟ್ಟೆಯುಬ್ಬರ ಅನ್ನಬಹುದು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 'ಕೋಡೆಲ್' ಎಂಬ ಮದ್ದು ಕೊಟ್ಟರು. ಅದು ಕಣಜದಲ್ಲಿ ಎಷ್ಟಿದೆ ಎಂದು ಅಳೆಯುವುದಿಲ್ಲ, ಕಾಳು ಎಷ್ಟು ಹೊತ್ತು ಕಾಯಿತು ಎಂದು ಅಳೆಯುತ್ತದೆ. ಕಾಯುವಿಕೆ ಮಿತಿಮೀರಿದರೆ ಬೇಕೆಂದೇ ಒಂದಿಷ್ಟು ಚೆಲ್ಲಿ, ಸುರಿಯುವವನಿಗೆ ನಿಧಾನಿಸು ಎಂದು ಸೂಚಿಸುತ್ತದೆ. ಇದರ ಜೊತೆ ಎಲ್ಲರ ಮೂಟೆಯಿಂದಲೂ ಸರದಿಯಂತೆ ಒಂದೊಂದು ಸೇರು ತೆಗೆದುಕೊಳ್ಳುವ ನ್ಯಾಯವನ್ನು ಸೇರಿಸಿದರೆ ರಾಗಿಯವರು ಕಾಯಬೇಕಿಲ್ಲ, ಮೂಟೆಯವರಿಗೂ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಈ ವಿದ್ಯೆ ಇರುವ ರೌಟರಿನ ಸೆಟ್ಟಿಂಗಿನಲ್ಲಿ ಎಸ್‌ಕ್ಯೂಎಂ ಎಂದೋ ಕ್ಯೂಓಎಸ್ ಎಂದೋ ಇರುತ್ತದೆ. ಎರಡನೆಯ ಹೆಸರಿನಲ್ಲಿ ಏನೇನೋ ಮಾರುತ್ತಾರೆ, ಆದ್ದರಿಂದ ಪರೀಕ್ಷಿಸಿಯೇ ನಂಬಬೇಕು. ನನ್ನ ಹಳೆಯ ಡಬ್ಬಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ್ದೆ, ಅದರಲ್ಲಿ ಎಸ್‌ಕ್ಯೂಎಂ ಇತ್ತು. 40ರ ದಾರಿಗೆ 36ರ ಮಿತಿ ಹಾಕಿದೆ. ಹೀಗೆ ತುಸು ಕಡಿಮೆ ಇಟ್ಟಾಗ ಸಾಲು ನಿಲ್ಲುವುದು ನಮ್ಮ ರೌಟರಿನ ಅಂಗಳದಲ್ಲಿ, ಕಂಪನಿ ಕೊಟ್ಟ ಡಬ್ಬಿಯ ಕಣಜದಲ್ಲಲ್ಲ. ಭಾವನ ಫೋಟೊಗಳು ಏರುತ್ತಲೇ ಇದ್ದವು. ಪಿಂಗ್ ಮೂವತ್ತರ ಸುತ್ತ ಬಂದು ನಿಂತಿತು. ಮೇಲಿನ ಕೂಗು ನಿಂತಿತು.

ಕರೆಂಟು, ಸೆಕೆ, ವಯಸ್ಸು

ರೌಟರ್ ಸಾಯುವುದಕ್ಕಿಂತ ಮುಂಚೆ ಸಾಮಾನ್ಯವಾಗಿ ಅದರ ಅಡಾಪ್ಟರ್ ಸಾಯುತ್ತದೆ, ಅದೂ ಒಂದೇ ಸಲಕ್ಕಲ್ಲ. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಬಿಸಿಗೆ ಒಣಗುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನವರ ಕೈಲೆಕ್ಕ. ಒಣಗಿದ ಕೆಪಾಸಿಟರು ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಕ್ಷಣಾರ್ಧವನ್ನು ದಾಟಿಸಲಾರದು. ದೀಪ ಮಿಣುಕಿದಾಗೆಲ್ಲ ರೌಟರ್ ಆರಿ ಹತ್ತಿ, ಎರಡು ನಿಮಿಷ ನುಂಗುತ್ತಿದ್ದರೆ ಹೊಸ ರೌಟರ್ ಕೊಳ್ಳುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ವೋಲ್ಟ್ ಅಷ್ಟೇ, ಪಿನ್ನಿನ ಧ್ರುವ ಹಾಗೆಯೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು. ಟಿವಿಯ ಬೆನ್ನಿಗೆ, ಸೆಟ್‌ಟಾಪ್ ಡಬ್ಬಿಯ ನೆತ್ತಿಗೆ ರೌಟರ್ ಇಡುವುದೂ ಅದರ ಆಯುಷ್ಯ ಕಡಿಯುವ ಕೆಲಸ.

ರೌಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್‌ಗಳು ಸಿಗುತ್ತವೆ. ಫೈಬರ್ ಇಳಿಯುವ ಡಬ್ಬಿಗೂ ಒಂದು ಬೇಕೆಂಬುದನ್ನು ಮರೆಯಬಾರದು. ಫೈಬರ್ ಗಾಜಿನ ಎಳೆ, ಸಿಡಿಲಿನ ಹೊಡೆತವನ್ನು ತಾನಾಗಿ ತರುವುದಿಲ್ಲ. ಹಳೇ ಟೆಲಿಫೋನ್ ತಂತಿಯ ಕಾಲದಲ್ಲಿ ಮಲೆನಾಡಿನ ಪ್ರತಿ ಮಳೆಗಾಲವೂ ಮೋಡೆಮ್‌ಗಳನ್ನು ಬಲಿ ಕೇಳುತ್ತಿತ್ತು. ಈಗ ಅಪಾಯ ಮುಖ್ಯವಾಗಿ ಕರೆಂಟ್ ಲೈನಿನಿಂದ, ಮತ್ತು ಹೊರಗಡೆ ಎಳೆದ ತಾಮ್ರದ ಲ್ಯಾನ್ ಕೇಬಲ್ಲಿನಿಂದ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುವ ಅಕ್ಕನ ಪದ್ಧತಿಗೆ ಸಮನಾದ ಉಪಕರಣ ಇನ್ನೂ ಬಂದಿಲ್ಲ.

ಹೊರಗಿನಿಂದ ಕಾಣದ ಇನ್ನೊಂದು ಮುಪ್ಪಿದೆ. ರೌಟರ್ ಒಂದು ಕಂಪ್ಯೂಟರ್, ಹಗಲುರಾತ್ರಿ ಜಗತ್ತಿಗೆ ಮುಖ ಮಾಡಿ ಬಾಗಿಲಲ್ಲಿ ಕೂತಿರುವಂಥದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೌಟರುಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದರ ತಳಿಯೊಂದರ ದಾಳಿಗೆ ಸುಮಾರು 9 ಲಕ್ಷ ಮನೆಗಳ ರೌಟರುಗಳು ಕುಸಿದವು. 2017ರಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್, ಎಲ್ಲರೂ ಭದ್ರವೆಂದು ನಂಬಿದ್ದ ಡಬ್ಲ್ಯುಪಿಎ2 ಎಂಬ ವೈಫೈ ಬೀಗದಲ್ಲಿ ಬಿರುಕು ತೋರಿಸಿದರು. ಮುಂದಿನ ವರ್ಷ ಡಬ್ಲ್ಯುಪಿಎ3 ಬಂತು. ಬಿರುಕು ಮುಚ್ಚುವ ತೇಪೆ ಬರುವುದು ತಯಾರಕರ ಅಪ್‌ಡೇಟಿನ ಮೂಲಕ. ಅಪ್‌ಡೇಟ್ ನಿಂತ ರೌಟರು ದೀಪ ಉರಿಸುತ್ತ ಚೆನ್ನಾಗಿಯೇ ಕಾಣುತ್ತದೆ, ಬೀಗ ತುಕ್ಕು ಹಿಡಿದಿರುತ್ತದೆ. ಆದ್ದರಿಂದ ಕೊಳ್ಳುವ ಮೊದಲು ತಯಾರಕರ ಜಾಲತಾಣದಲ್ಲಿ ಆ ಮಾದರಿಯ ಕೊನೆಯ ಅಪ್‌ಡೇಟ್ ತಾರೀಕು ನೋಡಿ. ಎರಡು ವರ್ಷದ ಹಿಂದಿನದಾದರೆ ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ. ತಂದ ದಿನವೇ ಅದರ ಆಡಳಿತದ ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ತಾನಾಗಿ ಆಗುವಂತೆ ಹೊಂದಿಸಿ.

ಎರಡು ಹೊತ್ತು ಕರೆದು ನೋಡುವುದು

ನಡುಮನೆಯ ಹಲಗೆಯ ಮೇಲಿದ್ದ ಡಬ್ಬಿ ನನ್ನದು, ಅಕ್ಕನ ಮನೆಗೆ ಅವರದೇ ಒಂದು ಬೇಕಿತ್ತು. ಸೋಮವಾರ ಮತ್ತೆ ಸಾಗರದ ಅಂಗಡಿಗೆ ಹೋದೆವು, ಈ ಸಲ ಭಾವನೂ ಬಂದರು. ಕೈಯಲ್ಲಿ ಕ್ಯಾಲೆಂಡರ್ ಹಾಳೆಯಿತ್ತು, ಬೇಡಿಕೆ ಚಿಕ್ಕದಿತ್ತು: ಎರಡು ಪಟ್ಟಿ, ವೈಫೈ 6, ಗಿಗಾಬಿಟ್ ಕಿಂಡಿ, ಡಬ್ಲ್ಯುಪಿಎ3, ಈಚಿನ ಅಪ್‌ಡೇಟ್, ಸರದಿ ನೋಡಿಕೊಳ್ಳುವ ಸೌಕರ್ಯ, ಮತ್ತು ಏಳು ದಿನದೊಳಗೆ ಮರಳಿಸುವ ಅವಕಾಶ. ಅಂಗಡಿಯವರು ಹಲಗೆಗಳನ್ನೆಲ್ಲ ತಡಕಿ ಕೊನೆಗೊಂದು ಬಿಳಿ ಡಬ್ಬಿ ತೆಗೆದರು. ಆಂಟೆನಾಗಳು ಒಳಗೇ ಅಡಗಿದ್ದವು. "ಇದಕ್ಕೆ ಕೊಂಬೇ ಇಲ್ಲ ಸಾರ್, ಯಾರೂ ಕೇಳಲ್ಲ ಇದನ್ನ" ಎಂದರು ತುಸು ಮುಜುಗರದಿಂದ.

ನಾನು ವಡೆಯ ಕತೆ ಶುರುಮಾಡುವಷ್ಟರಲ್ಲಿ ಭಾವ ಬಾಯಿ ಹಾಕಿದರು. "ಎಮ್ಮೆ ತರಬೇಕಾದ್ರೆ ಕೊಂಬು ನೋಡಿ ತರ್ತೀವನಾ? ಎರಡು ಹೊತ್ತು ಅಲ್ಲೇ ನಿಂತು ಕರೆದು ನೋಡ್ತೀವಿ. ಕೊಡಿ."

ಆ ಏಳು ದಿನ ಕರೆದು ನೋಡುವ ಕೆಲಸವನ್ನು ಅವರೇ ವಹಿಸಿಕೊಂಡರು. ಮೆತ್ತಿನ ಕೋಣೆಯ ಬಾಗಿಲು ಹಾಕಿಸಿ ಒಮ್ಮೆ. ಸಂಜೆ ಏಳಕ್ಕೆ ತಮ್ಮ ಫೋನಿನ ಫೋಟೊಗಳೆಲ್ಲ ಏರುತ್ತಿರುವಾಗ ಒಮ್ಮೆ. ಮೇನ್ ಸ್ವಿಚ್ ಮೂರು ಸಲ ಇಳಿಸಿ ಏರಿಸಿ ಒಮ್ಮೆ. ಪ್ರತಿ ಸಲದ ಪಿಂಗನ್ನೂ, ಡಿಬಿಎಂ ಅನ್ನೂ ಕ್ಯಾಲೆಂಡರಿನ ಬೆನ್ನಿಗೆ ಹಾಲಿನ ಲೆಕ್ಕ ಬರೆಯುವ ಅಕ್ಷರದಲ್ಲೇ ಬರೆದಿಟ್ಟರು. ಎಂಟನೇ ದಿನ ಅಕ್ಕ ಫೋನ್ ಮಾಡಿದಾಗ ರೌಟರಿನ ಮಾತೇ ಬರಲಿಲ್ಲ. ಏಳು ಗಂಟೆಗೆ ಮನೆ ನಿಶ್ಶಬ್ದವಾಗಿದ್ದು ಅವಳಿಗೆ ರೂಢಿಯಾಗಿತ್ತೋ ಏನೋ, ಕೊಳೆರೋಗದ ಔಷಧಿಯ ಬೆಲೆ ಹೇಳುತ್ತ ಹೋದಳು.